ಬಾಯಿ ಮೇಲಾದ ಶಂಖ

"ಊದಿ ಸಾರ್. ನೀವೇ ಊದಿ. ಊರಿಗೆಲ್ಲ ಕೇಳಿಸ್ಲಿ."

ಇನ್ಸ್‌ಪೆಕ್ಟರ್ ಗಿಟ್ಟೆನ್ಸ್ ಮೇಜಿನ ಮೇಲಿದ್ದ ಶಂಖವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅಂಚಿಗೆ ಕೆಂಪು ಬಣ್ಣ ಬಳಿದ ದಪ್ಪ ಶಂಖ. ಅದಕ್ಕೆ ದಾರ ಕಟ್ಟಿ ಸಾಕ್ಷ್ಯದ ಚೀಟಿ ನೇತುಹಾಕಿದ್ದರು.

"ಸಾರ್ಜೆಂಟ್ ಕೇಟೋ, ಇದು ಠಾಣೆ. ಕಾರ್ನಿವಲ್ ಅಲ್ಲ."

"ಸರಿ, ನಾನೇ ಊದ್ತೀನಿ."

ಶಂಖದ ತುದಿಗೆ ತುಟಿಯಿಟ್ಟು ಎದೆಯಲ್ಲಿದ್ದ ಗಾಳಿಯನ್ನೆಲ್ಲ ನೂಕಿದೆ. ಒಳಗೆ ಹೋಗಲೇ ಇಲ್ಲ. ತುದಿ ಮುಚ್ಚಿತ್ತು. ಪಕ್ಕದಲ್ಲಿ ಬೆರಳಗಲದ ಒಂದು ಸೀಳಿತ್ತು, ಅದಕ್ಕೆ ಬಾಯಿಟ್ಟು ಊದಿದೆ. ಫುಸ್ ಎಂದಿತು. ಹೊರಗಡೆ ಬೆಂಚಿನ ಮೇಲಿದ್ದ ಕಾನ್‌ಸ್ಟೇಬಲ್‌ಗೂ ಅದು ಕೇಳಿಸಲಿಲ್ಲ.

"ಇದು ತಿನ್ನೋಕೆ ಒಡೆದ ಶಂಖ ಸಾರ್. ಪಕ್ಕಕ್ಕೆ ಸುತ್ತಿಗೇಲಿ ಹೊಡೆದು, ಆ ತೂತಲ್ಲಿ ಚಾಕು ಹಾಕಿ ಒಳಗಿನ ಮಾಂಸ ಎಳೀತಾರೆ. ಊದೋ ಶಂಖಕ್ಕೆ ತುದಿ ಕುಯ್ಯಬೇಕು, ಪಕ್ಕ ಮುಟ್ಟಬಾರದು. ಇದನ್ನ ಊದೋಕೆ ದೇವರಿಂದಲೂ ಆಗಲ್ಲ."

ಗಿಟ್ಟೆನ್ಸ್ ಗ್ರೆನೇಡಾದಿಂದ ಬಂದವನು. ನಮ್ಮ ಸೇಂಟ್ ಓಡಿಲ್ ದ್ವೀಪಕ್ಕೆ ವರ್ಗವಾಗಿ ಬಂದು ಎರಡು ವರ್ಷವಾದರೂ ಇಲ್ಲಿಯ ಮರಳು ಅವನ ಬೂಟಿಗೆ ಅಂಟಿಲ್ಲ. ಅವನ ಲೆಕ್ಕದಲ್ಲಿ ಪ್ರಕರಣ ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಆರಕ್ಕೆ ಶಂಖ ಕೂಗಿತು, ಮೀನು ಬಂತೆಂದು ಊರಿಗೆ ಊರೇ ಬೋಗುಣಿ ಹಿಡಿದು ದೋಣಿಕೊಲ್ಲಿಗೆ ಓಡಿತು. ಅಲ್ಲಿ ದೋಣಿಯೂ ಇರಲಿಲ್ಲ, ಮೀನೂ ಇರಲಿಲ್ಲ. ಎಂಟು ಗಂಟೆಗೆ ಹಾಲುಮರಳು ದಂಡೆಯಲ್ಲಿ ಎವರಾರ್ಡ್ ಬೆಡೋ ಸತ್ತು ಬಿದ್ದಿದ್ದ. ತಲೆಯ ಹಿಂದೆ ಪೆಟ್ಟು, ಬಾಯಿ ತುಂಬ ಬಿಳಿ ಮರಳು, ಪಕ್ಕದಲ್ಲಿ ಈ ಶಂಖ.

ಕೆಂಪು ಅಂಚಿನ ಶಂಖವೆಂದರೆ ಬಲೆಗಾರ ರಾನ್ಸ್‌ಫರ್ಡ್‌ನದು. ಅವನ ಅಂಗಳದ ಸುತ್ತ ಬೇಲಿಯ ಹಾಗೆ ಅಂಥ ಇನ್ನೂರು ಶಂಖ ಜೋಡಿಸಿಟ್ಟಿದ್ದಾನೆ. ಹೋದ ತಿಂಗಳು ಅವನ ಬಲೆಗೆ ಆಮೆ ಸಿಕ್ಕಿಬಿದ್ದಾಗ ಎವರಾರ್ಡ್ ಬಲೆಯನ್ನೇ ಕತ್ತರಿಸಿದ್ದ. ಆಗ ರಾನ್ಸ್‌ಫರ್ಡ್ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ನಿನ್ನ ಕುತ್ತಿಗೆ ಮುರೀತೀನಿ" ಎಂದು ಕೂಗಿದ್ದ. ಗಿಟ್ಟೆನ್ಸ್‌ಗೆ ಇಷ್ಟು ಸಾಕಾಗಿತ್ತು.

"ಊದಿದ್ದು ಬೇರೆ ಶಂಖ ಇರಬಹುದು," ಎಂದ. "ಇದು ಕೈಯಿಂದ ಬಿದ್ದಿರಬಹುದು."

"ಕೊಲೆ ಮಾಡೋಕೆ ಹೋಗೋನು ತನ್ನ ಅಂಗಳದ ಬೇಲಿ ಕಿತ್ತು ಕೈಯಲ್ಲಿ ಹಿಡ್ಕೊಂಡು ಹೋಗ್ತಾನಾ ಸಾರ್? ಅದಕ್ಕಿಂತ ಹೆಸರು ಬರೆದ ಬೋರ್ಡೇ ನೆಟ್ಟು ಬರಬಹುದಿತ್ತು!"

"ಧ್ವನಿ ಇಳಿಸು."

ಇಳಿಸಲಿಲ್ಲ. ಆಸ್ಪತ್ರೆಯ ನರ್ಸಮ್ಮ ಹೆಣ ತೊಳೆಯುವಾಗ ಎತ್ತಿಟ್ಟುಕೊಟ್ಟ ಕಾಗದದ ಪೊಟ್ಟಣವನ್ನು ಅವನ ಮುಂದೆ ಬಿಚ್ಚಿದೆ. ಎವರಾರ್ಡ್‌ನ ಉಗುರುಗಳ ಸಂದಿಯಿಂದ ಬಂದದ್ದು. ಚಿಟಿಕೆಯಷ್ಟು ಮರಳು, ಕಾಡಿಗೆಯಂತೆ ಕಪ್ಪು. ಹಾಲುಮರಳಿನಲ್ಲಿ ದೀಪ ಹಿಡಿದು ಹುಡುಕಿದರೂ ಇಂಥ ಒಂದು ಕಣ ಸಿಗುವುದಿಲ್ಲ.

"ಆ ಜಾಡಿ ಕೊಡಿ," ಎಂದೆ.

"ಯಾವ ಜಾಡಿ?"

"ನೀವು ಪೆನ್ನು ಸಿಕ್ಕಿಸಿರೋ ಜಾಡಿ."

ಹೇಳುವಾಗಲೇ ನನ್ನ ಮೈ ಉರಿಯಿತು. ಎವರಾರ್ಡ್ ಸಂಬಳವಿಲ್ಲದೆ ಇಪ್ಪತ್ತು ವರ್ಷ ನಮ್ಮ ದಂಡೆಗಳನ್ನು ಕಾದ. ಹದಿನೇಳು ದಂಡೆಗಳ ಮರಳನ್ನೂ ಜಾಮ್ ಜಾಡಿಗಳಲ್ಲಿ ತುಂಬಿ, ಯಾವ ದಂಡೆ, ಯಾವಾಗಿನದು ಎಂದು ಚೀಟಿ ಅಂಟಿಸಿ, ತಿಂಗಳು ತಿಂಗಳು ಠಾಣೆಗೆ ತರುತ್ತಿದ್ದ. "ಯಾರೋ ಮರಳು ಕದೀತಿದಾರೆ, ದಂಡೆ ಸವೀತಿದೆ, ಬರ್ಕೊಳ್ಳಿ" ಎನ್ನುತ್ತಿದ್ದ. ನಾವು ನಕ್ಕೆವು. ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಗಿಟ್ಟೆನ್ಸ್ ಒಂದು ಜಾಡಿಯನ್ನು ಪೆನ್ನು ಸಿಕ್ಕಿಸಲು ಇಟ್ಟುಕೊಂಡಿದ್ದ.

ಪೆನ್ನುಗಳನ್ನು ಮರಳಿನಿಂದ ಕಿತ್ತಿಟ್ಟು ಚೀಟಿ ಓದಿದೆ. ಎವರಾರ್ಡ್‌ನ ಗುಂಡು ಅಕ್ಷರ: ಕರಿಕೊಲ್ಲಿ, ಚಂಡಮಾರುತಕ್ಕೆ ಮುಂಚೆ. ಪೊಟ್ಟಣವನ್ನು ಪಕ್ಕದಲ್ಲಿಟ್ಟೆ. ಎರಡೂ ಒಂದೇ ಕಪ್ಪು.

"ಕರಿಕೊಲ್ಲಿ ಈಗ ಬಿಳಿ ಇದೆಯಲ್ಲ," ಎಂದ ಗಿಟ್ಟೆನ್ಸ್. "ಹೋದ ಭಾನುವಾರ ತಾನೆ ಅಲ್ಲಿಯ ರೆಸಾರ್ಟಲ್ಲಿ ಊಟ ಮಾಡಿದೆ."

"ಅದೇ ನನ್ನ ಪ್ರಶ್ನೆನೂ."

ಅವನು ಗಡಿಯಾರ ನೋಡಿದ. ಒಂಬತ್ತಾಗಿತ್ತು. "ಮಧ್ಯಾಹ್ನದ ಫೆರಿಗೆ ಮ್ಯಾಜಿಸ್ಟ್ರೇಟರು ಬರ್ತಾರೆ. ಎರಡಕ್ಕೆ ಕೋರ್ಟು. ಮಂಗಳವಾರ ಶಂಖ ಊದಿದೋರನ್ನ ಅಷ್ಟರೊಳಗೆ ನನ್ನ ಮುಂದೆ ನಿಲ್ಲಿಸು, ನಿನ್ನ ರಾನ್ಸ್‌ಫರ್ಡ್‌ನ ಬಿಡ್ತೀನಿ. ಇಲ್ಲಾಂದ್ರೆ ಸಾಯಂಕಾಲದ ಫೆರಿಗೆ ಅವನು ಜೈಲಿಗೆ. ಮರಳಿನ ಕಥೆ ನನಗೆ ಬೇಡ. ಊದಿದೋರು ಬೇಕು."

ಲಾಕಪ್ಪಿನ ಮುಂದೆ ಹಾದುಹೋಗುವಾಗ ರಾನ್ಸ್‌ಫರ್ಡ್ ಕಂಬಿ ಹಿಡಿದು ನಿಂತಿದ್ದ. ಅರವತ್ತೆರಡರ ಗಂಡಸು, ಹಗ್ಗ ಎಳೆದೆಳೆದು ಅಂಗೈ ಮರವಾಗಿದೆ.

"ಆರ್ಲೀನ್, ನನ್ನ ಹೆಂಡ್ತಿಗೆ ಹೇಳು, ಬಲೆ ಬಿಸಿಲಲ್ಲಿ ಒಣಗಿಸ್ಬೇಡ ಅಂತ."

"ನೀನೇ ಬಂದು ಹೇಳ್ತೀಯ."

"ನಾನು ಬಾಯಿ ಹರ್ಕ. ಆದ್ರೆ ಎವರಾರ್ಡ್ ಮೇಲೆ ಕೈ ಮಾಡಿಲ್ಲ. ಅವನು ಕತ್ತರಿಸಿದ ಬಲೆ ಅವನೇ ಕೂತು ಹೆಣೆದು ಕೊಟ್ಟ, ಗೊತ್ತಾ? ಬೈಕೊಂಡು ಬೈಕೊಂಡೇ ಹೆಣೆದ."

ಇದು ಗೊತ್ತಿರಲಿಲ್ಲ. ಇನ್ನೂ ಸಿಟ್ಟು ಬಂತು.

*

ನಮ್ಮಲ್ಲಿ ಕರಿ ಮರಳು ಇರುವುದು ಎರಡೇ ಕಡೆ, ಕರಿಕೊಲ್ಲಿ ಮತ್ತು ಗಾಳಿಯ ಬದಿಯ ಪಾಚಿದಂಡೆ. ಗಿಟ್ಟೆನ್ಸ್ ಆಮೇಲೆ ಅಡ್ಡ ಮಾತು ತೆಗೆಯಬಾರದೆಂದು ಮೊದಲು ಮೋಟಾರ್ ಸೈಕಲ್ಲನ್ನು ಪಾಚಿದಂಡೆಗೇ ತಿರುಗಿಸಿದೆ.

ಅಲ್ಲಿ ತಿಂಗಳಿಂದ ಕಡಲಪಾಚಿ ಮೊಣಕಾಲೆತ್ತರ ಬಿದ್ದು ಕೊಳೆಯುತ್ತಿದೆ. ಕೊಳೆತ ಮೊಟ್ಟೆಯ ನಾತ. ಅಲ್ಲಿ ಒಂದು ಹೆಜ್ಜೆ ಇಟ್ಟವನ ಬಟ್ಟೆ ಮೂರು ಒಗೆತಕ್ಕೂ ಆ ವಾಸನೆ ಬಿಡುವುದಿಲ್ಲ. ಎವರಾರ್ಡ್‌ನ ಬಟ್ಟೆ ನಾನೇ ಮೂಸಿದ್ದೆ, ಸಾಬೂನಿನ ವಾಸನೆಯಷ್ಟೇ ಇತ್ತು. ಇಲ್ಲಿಯ ಕರಿ ಮರಳೂ ಸಾಸಿವೆ ಗಾತ್ರದ ದಪ್ಪ ಕಾಳು. ಉಗುರಿನಲ್ಲಿ ಸಿಕ್ಕದ್ದು ಹಿಟ್ಟಿನ ಹಾಗಿತ್ತು.

ಅಲ್ಲಿಂದ ಹಾಲುಮರಳಿಗೆ ಬಂದೆ. ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ದಂಡೆಯ ಅಂಚಿನ ಕಡಲದ್ರಾಕ್ಷಿ ಮರಗಳ ಬೇರುಗಳೆಲ್ಲ ಗಾಳಿಯಲ್ಲಿ ಜೋತಾಡುತ್ತಿದ್ದವು. ನಾನು ಚಿಕ್ಕವಳಿದ್ದಾಗ ಓಡಿ ಜಾರುತ್ತಿದ್ದ ಮರಳಗುಡ್ಡ ಇರಬೇಕಾದಲ್ಲಿ ಆಳೆತ್ತರದ ಹಳ್ಳ. ಲೋಡರಿನ ಹಲ್ಲಿನ ಗೀರು ಸಾಲುಸಾಲಾಗಿ ಮೂಡಿತ್ತು. ಆ ಸಾಲಿನ ನಡುವೆ ಒಡೆದ ಆಮೆ ಮೊಟ್ಟೆಗಳು, ಒಣಗಿ ಸುರುಳಿಯಾದ ಸಿಪ್ಪೆಗಳು.

ಚಂಡಮಾರುತ ಊರಿನ ಅರ್ಧ ಮನೆಗಳನ್ನು ಹಾರಿಸಿಕೊಂಡು ಹೋಯಿತು. ಅದಕ್ಕೆ ಬಯ್ಯಲಾಗುವುದಿಲ್ಲ, ಗಾಳಿ ತಾನೆ. ಆದರೆ ಇದನ್ನು ಮಾಡಿದವರಿಗೆ ಕೈಕಾಲು ಇವೆ, ಊಟಕ್ಕೆ ಕೂರುತ್ತಾರೆ, ಭಾನುವಾರ ಚರ್ಚಿನಲ್ಲಿ ನಮ್ಮ ಪಕ್ಕವೇ ನಿಂತು ಹಾಡುತ್ತಾರೆ.

ಹಳ್ಳದಲ್ಲಿ ಇಳಿದು ಅನಾನಸ್ ಆಕಾರದ ಮ್ಯಾಗ್ನೆಟ್ಟನ್ನು ಮರಳಿನಲ್ಲಿ ಎಳೆದೆ. ಬೆಳಿಗ್ಗೆ ಅಮ್ಮನ ಫ್ರಿಜ್ಜಿನ ಬಾಗಿಲಿನಿಂದ ಕಿತ್ತುಕೊಂಡು ಬಂದದ್ದು. ಎವರಾರ್ಡ್‌ನೇ ಠಾಣೆಯಲ್ಲೊಮ್ಮೆ ಮಾಡಿ ತೋರಿಸಿದ್ದ: ನಮ್ಮ ಕರಿ ಮರಳಿನಲ್ಲಿ ಕಬ್ಬಿಣವಿದೆ, ಮ್ಯಾಗ್ನೆಟ್ಟಿಗೆ ಅಂಟುತ್ತದೆ. ಹಾಲುಮರಳಿನಲ್ಲಿ ಒಂದು ಕಣವೂ ಅಂಟಲಿಲ್ಲ.

ಅಮ್ಮ ಬೆಳಿಗ್ಗೆ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಾ, "ಅದ್ಯಾಕೇ ಮ್ಯಾಗ್ನೆಟ್ಟು?" ಎಂದಿದ್ದಳು. ಹೇಳಿದೆ. "ರಾನ್ಸ್‌ಫರ್ಡ್‌ಗೆ ಏನಾಗುತ್ತೆ?" ಎಂದಳು. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಜೈಲಾಗುತ್ತಾ?" ಎಂದಳು. ರೊಟ್ಟಿ ಸೀದಿತ್ತು. ಅಮ್ಮನಿಗೆ ವಯಸ್ಸಾಗುತ್ತಿದೆ ಅಂದುಕೊಂಡು ಬೂಟು ಹಾಕಿಕೊಂಡು ಹೊರಟುಬಂದಿದ್ದೆ.

*

ಕರಿಕೊಲ್ಲಿಯ ದಾರಿಗೆ ಈಗ ಅಡ್ಡಗಂಬವಿದೆ. "ಅತಿಥಿಗಳಿಗೆ ಮಾತ್ರ" ಎಂಬ ಬೋರ್ಡು. ದ್ವೀಪದ ಯಾವ ದಂಡೆಗೂ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲ. ಅಡ್ಡಗಂಬವನ್ನು ನಾನೇ ಎತ್ತಿ ಒಳಗೆ ಹೋದೆ.

ಡೆಸ್ಲಿನ್ ಕ್ವಾಶಿ ಬರಿಗಾಲಲ್ಲಿ ನನ್ನತ್ತ ಬಂದ. ಇಲ್ಲೇ ಹುಟ್ಟಿ ಆರನೇ ವಯಸ್ಸಿಗೆ ಟೊರಾಂಟೊ ಸೇರಿದವನು. ಚಂಡಮಾರುತವಾದ ಮೇಲೆ ಬಂದು, ಕರಿಕೊಲ್ಲಿಯನ್ನು ಕೊಂಡು ರೆಸಾರ್ಟ್ ಕಟ್ಟಿದ. ಊರಿನ ಎಷ್ಟೋ ಮನೆಗಳಿಗೆ ಮಾಡು ಹಾಕಿಸಿಕೊಟ್ಟ, ನಮ್ಮ ಮನೆಗೂ. ನನ್ನ ತಮ್ಮ ಎಲ್ರಾಯ್ ಅವನ ಟಿಪ್ಪರ್ ಓಡಿಸುತ್ತಾನೆ. ಅಮ್ಮ ಅವನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಊರಿನ ಅರ್ಧ ಜನ ಅವನ ಅನ್ನ ತಿನ್ನುತ್ತಾರೆ, ಅದಕ್ಕೇ ಊರಿನ ಅರ್ಧ ಬಾಯಿ ಮುಚ್ಚಿದೆ.

"ಆರ್ಲೀನ್! ಬಾ ಬಾ. ಬಿಸಿಲಲ್ಲಿ ಬಂದಿದೀಯ, ಕೋಕೋ ಟೀ ತರಿಸ್ಲಾ? ನಿಮ್ಮಮ್ಮನ ಕೈರುಚಿ ಮಾತ್ರ ಸಿಗಲ್ಲ. ಮಂಗಳವಾರದಿಂದ ಕೆಲಸಕ್ಕೆ ಬಂದಿಲ್ಲ ಅವರು. ಹುಷಾರಿಲ್ವಂತೆ."

"ಸಾರ್ಜೆಂಟ್ ಕೇಟೋ ಅನ್ನಿ."

ಹೇಳಿ, ಅವನ ಕಾಲ ಬುಡದಲ್ಲೇ ಮಂಡಿಯೂರಿ ಕೂತು ಅಗೆಯತೊಡಗಿದೆ. ಎರಡು ಕೈಯಲ್ಲೂ, ನಾಯಿ ಅಗೆಯುವ ಹಾಗೆ. ಸುತ್ತ ಛತ್ರಿಗಳ ಕೆಳಗೆ ಮಲಗಿದ್ದ ಪ್ರವಾಸಿಗರು ತಲೆ ಎತ್ತಿದರು. ಸಮವಸ್ತ್ರದ ಹೆಂಗಸು ಮರಳಿನ ಗೋಪುರ ಕಟ್ಟುತ್ತಿದ್ದಾಳೆಂದು ಒಬ್ಬಾಕೆ ಫೋಟೋ ಕೂಡ ತೆಗೆದಳು.

ಮೊಣಕೈ ಮುಳುಗುವಷ್ಟು ಆಳದಲ್ಲಿ ಬಣ್ಣ ಬದಲಾಯಿತು. ಬಿಳಿಯ ಕೆಳಗೆ ಕಪ್ಪು, ಗೆರೆ ಎಳೆದ ಹಾಗೆ. ಮ್ಯಾಗ್ನೆಟ್ಟು ಇಳಿಸಿದೆ. ಮೇಲೆ ಬಂದಾಗ ಅನಾನಸಿಗೆ ಕರಿ ಗಡ್ಡ ಬೆಳೆದಿತ್ತು. ನನ್ನ ಉಗುರುಗಳನ್ನು ನೋಡಿಕೊಂಡೆ. ನರ್ಸಮ್ಮನ ಪೊಟ್ಟಣದಲ್ಲಿದ್ದದ್ದೇ ಅಲ್ಲೂ ಇತ್ತು.

"ಈ ಬಿಳಿ ಮರಳು ಎಲ್ಲಿಂದ ಬಂತು?"

"ಗಯಾನಾದಿಂದ, ಬಾರ್ಜಿನಲ್ಲಿ. ಕಾಗದ ಇದೆ. ಕರಿ ಮರಳು ಕಾಲು ಸುಡುತ್ತೆ, ಗಲೀಜಾಗಿ ಕಾಣುತ್ತೆ ಅಂತಾರೆ ಗೆಸ್ಟುಗಳು. ಅವರಿಗೆ ಪೋಸ್ಟ್‌ಕಾರ್ಡಲ್ಲಿರೋ ಹಾಗೆ ಬೇಕು. ನಾನೇನು ಮಾಡ್ಲಿ?"

ಅಗೆದು ಹಾಕಿದ ಬಿಳಿ ಮರಳಿನ ಗುಪ್ಪೆಯಿಂದ ಹೆಬ್ಬೆರಳಗಲದ ಒಂದು ಸಿಪ್ಪೆಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದೆ. ಚರ್ಮದ ಚೂರಿನ ಹಾಗೆ ಸುರುಳಿಯಾಗಿತ್ತು.

"ಆಮೆ ಮೊಟ್ಟೆ. ಆಮೆ ಹತ್ತೋದು ಹಾಲುಮರಳಿಗೆ ಮಾತ್ರ, ಈ ಕೊಲ್ಲಿಗೆ ಬಂಡೆ ಅಡ್ಡ. ಇದೂ ಗಯಾನಾದಿಂದ ಟಿಕೆಟ್ ತಗೊಂಡು ಬಂತಾ?"

ಅವನ ನಗು ನಿಂತಿತು.

"ಎವರಾರ್ಡ್ ಮಂಗಳವಾರ ಬೆಳಿಗ್ಗೆ ಇಲ್ಲಿಗೆ ಬಂದ," ಎಂದೆ. ನನ್ನ ಧ್ವನಿ ಏರುತ್ತಿತ್ತು, ಏರಲೆಂದು ಬಿಟ್ಟೆ. "ಇದೇ ಥರ ಕೂತು ಅಗೆದ. ಉಗುರಲ್ಲಿ ನಿನ್ನ ಕರಿ ಮರಳು ಸಿಕ್ಕಿದೆ. ಹಿಂದಿನಿಂದ ಹೊಡೆದು ಅವನ ಮುಖಾನ ಬಿಳಿ ಮರಳಲ್ಲಿ ಒತ್ತಿದಿರಿ. ಅವನು ಇಪ್ಪತ್ತು ವರ್ಷ ಕಾಪಾಡಿದ ಮರಳನ್ನೇ ಅವನ ಬಾಯಿಗೆ ಹಾಕಿದಿರಲ್ಲೋ, ನಿಮ್ಮ ಕೈ ಸೇದಿಹೋಗ!"

"ನಿಧಾನ, ಗೆಸ್ಟುಗಳಿದಾರೆ."

"ಇರ್ಲಿ, ಕೇಳಿಸ್ಕೊಳ್ಲಿ! ಹೆಣಾನ ಹಾಲುಮರಳಿಗೆ ಸಾಗಿಸೋಕೆ ಇರೋದು ಒಂದೇ ರಸ್ತೆ, ಅದೂ ಊರ ಮಧ್ಯೆ. ಬೆಳಿಗ್ಗೆ ಆರಕ್ಕೆ ಊರವರೆಲ್ಲ ಬಾಗಿಲಲ್ಲೇ ಇರ್ತಾರೆ. ಅದಕ್ಕೇ ಅವರನ್ನ ದೋಣಿಕೊಲ್ಲಿಗೆ ಓಡಿಸಿದೆ. ದಾರಿಯಲ್ಲಿ ರಾನ್ಸ್‌ಫರ್ಡ್ ಅಂಗಳದಿಂದ ಒಂದು ಶಂಖ ಎತ್ಕೊಂಡೆ."

"ನಾನು?"

ಚೀಲದಿಂದ ಎರಡು ಶಂಖ ತೆಗೆದು ಮರಳಿನ ಮೇಲಿಟ್ಟೆ. ರಾನ್ಸ್‌ಫರ್ಡ್‌ನ ಹೆಂಡತಿಯಿಂದ ಇಸಿದುಕೊಂಡು ಬಂದಿದ್ದೆ. ಒಂದು ಹಳೆಯದು, ಮಾಸಿದ್ದು, ತುದಿ ಕುಯ್ದದ್ದು. ಇನ್ನೊಂದು ದೊಡ್ಡದು, ಒಳಗೆಲ್ಲ ಗುಲಾಬಿ ಹೊಳಪು, ಪಕ್ಕದಲ್ಲಿ ಸೀಳು.

"ಇವುಗಳಲ್ಲಿ ಊದೋದು ಯಾವುದು? ತೋರಿಸು."

ಅವನು ಎರಡನ್ನೂ ನೋಡಿ, ಬಗ್ಗಿ ಗುಲಾಬಿ ಬಣ್ಣದ್ದನ್ನು ಎತ್ತಿಕೊಂಡ.

ದ್ವೀಪದಲ್ಲಿ ಹಲ್ಲು ಬಂದ ಮಗುವೂ ಆ ತಪ್ಪು ಮಾಡುವುದಿಲ್ಲ. ಹೆಣದ ಪಕ್ಕ ಆ ಮೂಕ ಶಂಖವನ್ನು ಇಟ್ಟವನು ಇವನೇ ಎಂದು ನನಗೆ ಖಾತ್ರಿಯಾಯಿತು. ಒಂದು ಕ್ಷಣ ಗೆದ್ದೆ ಅನ್ನಿಸಿತು.

ಕ್ವಾಶಿ ನನ್ನ ಮುಖವನ್ನು ಓದಿದ. ಮೆಲ್ಲಗೆ ಶಂಖವನ್ನು ಕೆಳಗಿಟ್ಟು, ಕೈಯ ಮರಳು ಒರೆಸಿಕೊಂಡ. ಆಮೇಲೆ ನಕ್ಕ. ಈ ಸಲ ನಿಜವಾದ ನಗು.

"ಅಂದ್ರೆ ನನಗೆ ಶಂಖ ಊದೋಕೆ ಬರಲ್ಲ ಅಂತ ನೀನೇ ತೋರಿಸಿಕೊಟ್ಟೆ. ಥ್ಯಾಂಕ್ಸ್. ಹಾಗಿದ್ರೆ ಮಂಗಳವಾರ ಊದಿದ್ದು ನಾನಲ್ಲ, ನಿಮ್ಮೋರೇ ಯಾರೋ. ಆ ಹೆಸರು ಗೊತ್ತಾದ ಮೇಲೆ ಈ ಕೇಸು ನಿನಗೆ ಬೇಕಿರುತ್ತಾ ನೋಡೋಣ, ಸಾರ್ಜೆಂಟ್ ಕೇಟೋ."

"ಏನು ಹಾಗಂದ್ರೆ?"

"ಏನೂ ಇಲ್ಲ. ಮನೆ ಮಾಡು ಸೋರ್ತಿಲ್ಲ ತಾನೆ?"

ಅವನ ಕೆನ್ನೆಗೆ ಬಾರಿಸಲು ಎತ್ತಿದ ಕೈಯನ್ನು ಹೇಗೆ ಇಳಿಸಿದೆನೋ ಗೊತ್ತಿಲ್ಲ. ಮೋಟಾರ್ ಸೈಕಲ್ ಹತ್ತಿದಾಗ ತಲೆಯಲ್ಲಿ ಒಂದೇ ಹೆಸರು ಸುತ್ತುತ್ತಿತ್ತು. ಎಲ್ರಾಯ್. ಟಿಪ್ಪರ್ ಅವನದು. ಶಂಖ ಊದಲೂ ಬಲ್ಲ, ನಮ್ಮಪ್ಪ ನಮಗಿಬ್ಬರಿಗೂ ಕಲಿಸಿದ್ದ.

*

ದೋಣಿಕೊಲ್ಲಿ ತಲುಪಿದಾಗ ಹನ್ನೆರಡೂವರೆ. ತಾಂತಿ ಇಸ್ಮೇ ಬಾದಾಮಿ ಮರದ ಕೆಳಗೆ ಒಲೆ ಹಚ್ಚಿ ಮೀನು ಕರಿಯುತ್ತಿದ್ದಳು. ಊರಿಗೆಲ್ಲ ತಾಂತಿ, ಎಲ್ಲರಿಗೂ ಅತ್ತೆ. ಕಾಲು ಊದಿರುವುದರಿಂದ ಬೆಳಗಿನ ಐದಕ್ಕೆ ಕೂತರೆ ಸಂಜೆಯವರೆಗೂ ಏಳುವುದಿಲ್ಲ.

"ಏನೇ ಥಿಯೋ ಮಗಳೇ, ಮೆಣಸಿನಕಾಯಿ ಅಗಿದೋಳ ಹಾಗಿದೀಯ? ಕೂತ್ಕೋ, ಎರಡು ತುಂಡು ತಿನ್ನು."

"ತಾಂತಿ, ಮಂಗಳವಾರ ಶಂಖ ಕೂಗಿದಾಗ ನೀನು ಇಲ್ಲೇ ಇದ್ದೆ ತಾನೆ?"

"ಇನ್ನೆಲ್ಲಿ ಇರ್ಲಿ? ಪ್ಯಾರಿಸ್‌ಗೆ ಹೋಗಿದ್ನಾ? ಊರಿಗೆ ಊರೇ ಬೋಗುಣಿ ಬಡ್ಕೊಂಡು ಓಡಿ ಬಂತು. 'ಎಲ್ಲಿ ಮೀನು, ಎಲ್ಲಿ ಮೀನು' ಅಂತ ನನ್ನನ್ನೇ ಕೇಳ್ತಾರೆ. ನನ್ನ ಮಡಿಲಲ್ಲಿ ಕಟ್ಕೊಂಡಿದೀನಾ?"

"ಊದಿದ್ದು ಯಾರು?"

ಅವಳು ಮೀನು ಮಗುಚಿದಳು.

"ತಾಂತಿ, ರಾನ್ಸ್‌ಫರ್ಡ್‌ನ ಸಾಯಂಕಾಲ ಕರ್ಕೊಂಡು ಹೋಗ್ತಾರೆ!"

"ಕಿರುಚಬೇಡ, ಎಣ್ಣೆ ಸಿಡಿಯುತ್ತೆ. ಪೊಲೀಸ್ನೋರಿಗೆ ಹೇಳಿದ್ರೆ ನಗ್ತಾರೆ ಅಂತ ಸುಮ್ನಿದ್ದೆ. ಕೊಲ್ಲಿ ನನ್ನ ಕಣ್ಣ ಮುಂದೇನೇ ಇತ್ತು, ಒಂದು ನರಪಿಳ್ಳೆ ಇರ್ಲಿಲ್ಲ. ಆದ್ರೂ ಕೂಗು ಕೊಲ್ಲಿಯಿಂದಲೇ ಬಂತು. ಬದುಕಿದೋರು ಊದಿದ್ದಲ್ಲ ಅದು."

"ಮತ್ತೆ?"

ತಾಂತಿ ಕಣ್ಣು ಮುಚ್ಚಿ, ಮುಷ್ಟಿಯನ್ನು ಬಾಯಿಗಿಟ್ಟು ತೋರಿಸಿದಳು. ಒಂದು ಉದ್ದ, ಇನ್ನೊಂದು ಉದ್ದ, ಆಮೇಲೆ ಮೇಲಕ್ಕೆ ಎಳೆದ ಒಂದು ಬಾಲ.

ಮಂಗಳವಾರ ಬೆಳಿಗ್ಗೆ ಗಸ್ತಿನಲ್ಲಿ ದೂರವಿದ್ದ ನಾನು ಅದನ್ನು ಕೇಳಿರಲಿಲ್ಲ, ಈಗ ಕೇಳಿದ ಕೂಡಲೇ ಗುರುತು ಹಿಡಿದೆ.

ನಮ್ಮಲ್ಲಿ ಒಂದೊಂದು ದೋಣಿಗೂ ಒಂದೊಂದು ಕೂಗು. ಒಬ್ಬರ ಕೂಗನ್ನು ಇನ್ನೊಬ್ಬರು ಊದುವುದಿಲ್ಲ. ದೋಣಿಯವನು ಅದನ್ನು ಇನ್ನೊಬ್ಬರಿಗೆ ಒಪ್ಪಿಸದೆ ಸತ್ತರೆ ಅವನ ಕೂಗೂ ಅವನೊಂದಿಗೆ ಹೋಗುತ್ತದೆ. ಈ ಕೂಗು ಒಂಬತ್ತು ವರ್ಷದ ಹಿಂದೆ ಸತ್ತ ನನ್ನಪ್ಪ ಥಿಯೋನದು.

"ಥಿಯೋಗೆ ಏನೋ ಬೇಕಾಗಿದೆ ಅಂತ ನೆಲಕ್ಕೆ ಒಂದು ಗುಟುಕು ರಮ್ ಸುರಿದೆ," ಎಂದಳು ತಾಂತಿ. "ಪಾಪ, ಕೇಳಿ ಎಷ್ಟು ವರ್ಷ ಆಗಿತ್ತು."

ಸತ್ತವರು ಊದುವುದಿಲ್ಲ. ಕೊಲ್ಲಿಯ ಹಿಂದಿನ ಗುಡ್ಡದ ಮೇಲೆ ನಮ್ಮ ಸ್ಮಶಾನವಿದೆ. ಆ ಗುಡ್ಡದ ಗುಣ ನನಗೆ ಗೊತ್ತು: ಮೇಲೆ ನಿಂತು ಕೂಗಿದರೆ ಎದುರಿನ ಬಂಡೆಗೆ ಬಡಿದು ಶಬ್ದ ಕೊಲ್ಲಿಯಿಂದಲೇ ಎದ್ದ ಹಾಗೆ ಕೇಳುತ್ತದೆ. ಚಿಕ್ಕವರಿದ್ದಾಗ ನಾನೂ ಎಲ್ರಾಯ್‌ನೂ ಹಾಗೆ ಕೂಗಿ ಊರವರನ್ನು ಏಮಾರಿಸಿ ಏಟು ತಿಂದದ್ದಿದೆ.

ಅಪ್ಪನ ಶಂಖ ಇರುವುದೂ ಅಲ್ಲೇ, ಅವನ ಸಮಾಧಿಯ ತಲೆಯ ಬಳಿ.

*

ಗುಡ್ಡ ಹತ್ತಿ, ಅಪ್ಪನ ಸಮಾಧಿಯ ಮುಂದೆ ನಿಂತಾಗ ಒಂದು ಇಪ್ಪತ್ತಾಗಿತ್ತು.

ಸಮಾಧಿಯ ಸುತ್ತ ಶಂಖಗಳ ಸಾಲು. ನಾವು ಅವನ್ನು ಬಾಯಿ ಕೆಳಗೆ ಮಾಡಿಯೇ ಇಡುವುದು. ಬಾಯಿ ಮೇಲಾದರೆ ಸತ್ತವರು ಕರೆಯುತ್ತಾರೆ ಎಂದು ಹಿರಿಯರ ಭಯ. ಮಳೆನೀರು ನಿಂತು ಸೊಳ್ಳೆಯಾಗುತ್ತದೆ ಎನ್ನುವುದು ನಿಜವಾದ ಕಾರಣವಿರಬೇಕು. ಎಲ್ಲವೂ ಬಾಯಿ ಕೆಳಗಾಗಿಯೇ ಇದ್ದವು, ತಲೆಯ ಬಳಿಯ ಒಂದನ್ನು ಬಿಟ್ಟು. ತುದಿ ಕುಯ್ದ ಅಪ್ಪನ ಶಂಖ ಬಾಯಿ ಮೇಲಾಗಿ ಬಿದ್ದಿತ್ತು. ಯಾರೋ ಅವಸರದಲ್ಲಿ ಇಟ್ಟುಹೋಗಿದ್ದರು. ನಿನ್ನೆಯ ಮಳೆ ಅದರಲ್ಲಿ ತುಂಬಿ, ಎರಡು ಇರುವೆ ತೇಲುತ್ತಿದ್ದವು.

ಅಪ್ಪನ ಮೂಳೆಯ ಮೇಲೆ ನಿಂತು, ಅಪ್ಪನ ಕೂಗನ್ನು ಊದಿ, ಒಬ್ಬ ಒಳ್ಳೆಯವನ ಹೆಣಕ್ಕೆ ದಾರಿ ಬಿಡಿಸಿಕೊಟ್ಟಿದ್ದಾರೆ. ಎಲ್ರಾಯ್, ನೀನೇ ಆಗಿದ್ದರೆ ನಾನೇ ನಿನಗೆ ಬೇಡಿ ಹಾಕುತ್ತೇನೆ, ಅಳುತ್ತಲಾದರೂ ಹಾಕುತ್ತೇನೆ ಎಂದು ಗಟ್ಟಿಯಾಗಿಯೇ ಹೇಳಿದೆ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಆದರೆ ಖಾತ್ರಿ ಬೇಕಿತ್ತು. ಖಾತ್ರಿ ಮಾಡಿಕೊಳ್ಳುವ ದಾರಿ ನನ್ನ ಕೈಯಲ್ಲೇ ಇತ್ತು. ಶಂಖ ಕೂಗಿದರೆ ನಮ್ಮ ಜನ ಯೋಚಿಸುವುದಿಲ್ಲ, ಬೋಗುಣಿ ಹಿಡಿದು ಕೊಲ್ಲಿಗೆ ಓಡುತ್ತಾರೆ. ಮಂಗಳವಾರ ಏಮಾರಿದವರು ಇವತ್ತೂ ಓಡುತ್ತಾರೆ. ಓಡದೆ ಇರುವುದು ಒಬ್ಬರೇ: ಈ ಕೂಗು ಎಲ್ಲಿಂದ ಬರುತ್ತಿದೆ ಎಂದು ಗೊತ್ತಿರುವವರು.

ನೀರು ಚೆಲ್ಲಿ, ತುಟಿ ಒರೆಸಿಕೊಂಡು ಊದಿದೆ. ಒಂದು ಉದ್ದ, ಇನ್ನೊಂದು ಉದ್ದ, ಆಮೇಲೆ ಬಾಲ. ಒಂಬತ್ತು ವರ್ಷದ ಮೇಲೆ ಅಪ್ಪನ ಧ್ವನಿಯೇ ಕೇಳಿದ ಹಾಗಾಗಿ ಕಣ್ಣು ಮಂಜಾಯಿತು. ಉಜ್ಜಿಕೊಂಡು ಕೆಳಗೆ ನೋಡಿದೆ.

ಬಾಗಿಲುಗಳು ತೆರೆದವು. ಬೋಗುಣಿ, ಬಕೆಟ್ಟು, ಒಬ್ಬಳ ಕೈಯಲ್ಲಿ ಸಾರಿನ ಪಾತ್ರೆಯೇ. ಬೈಯುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಕೊಲ್ಲಿಯ ಕಡೆ ಓಡಿದರು. ಗುಡ್ಡದ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ನನ್ನ ಕಣ್ಣು ಕ್ವಾಶಿ ಹಾಕಿಸಿದ ನೀಲಿ ಮಾಡಿನ ನಮ್ಮ ಮನೆಯ ಮೇಲೆಯೇ ಇತ್ತು. ಎಲ್ರಾಯ್ ಮಧ್ಯಾಹ್ನದ ಊಟಕ್ಕೆ ಬಂದಿರುವ ಹೊತ್ತು. ಓಡು ತಮ್ಮಾ, ದೇವರಾಣೆ ಓಡು ಎಂದುಕೊಂಡೆ.

ಬಾಗಿಲು ತೆರೆಯಿತು. ಎಲ್ರಾಯ್ ಬನಿಯನ್ನಿನಲ್ಲೇ ಹೊರಗೆ ಹಾರಿದ, ಬಾಯಲ್ಲಿ ಇನ್ನೂ ಅನ್ನವಿದ್ದಿರಬೇಕು. ಅಂಗಳದ ಬೋಗುಣಿ ಎತ್ತಿಕೊಂಡು ಎಲ್ಲರ ಜೊತೆ ಕೊಲ್ಲಿಗೆ ಓಡಿದ. ಪೆದ್ದ, ನನ್ನ ಬಂಗಾರದಂಥ ಪೆದ್ದ. ನನಗೆ ನಗು ಬಂದುಬಿಟ್ಟಿತು.

ಅವನ ಹಿಂದೆಯೇ ಅಮ್ಮ ಜಗಲಿಗೆ ಬಂದಳು.

ಬೋಗುಣಿ ಹಿಡಿದಿರಲಿಲ್ಲ. ಕೊಲ್ಲಿಯ ಕಡೆ ನೋಡಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಗುಡ್ಡದತ್ತ ಮುಖ ಎತ್ತಿದಳು. ಸಮಾಧಿಗಳ ನಡುವೆ ಹುಡುಕಲೂ ಇಲ್ಲ. ನೇರ ನಾನು ನಿಂತ ಜಾಗವನ್ನೇ ನೋಡಿದಳು.

ಮಂಡಿನೋವು, ಗುಡ್ಡ ಹತ್ತಲಾಗುವುದಿಲ್ಲ ಎಂದು ಮೂರು ವರ್ಷದಿಂದ ಹೇಳುತ್ತಿದ್ದವಳು. ಮಂಗಳವಾರದಿಂದ ಕೆಲಸಕ್ಕೆ ಹೋಗದವಳು. ಅಪ್ಪ ಈ ಊರಿಗೆ ಅಳಿಯನಾಗಿ ಬಂದವನು, ಅಲ್ಲಿಯವರೆಗೆ ಮೀನು ಹಿಡಿದವನಲ್ಲ. ಅವನಿಗೆ ಶಂಖ ಊದಲು ಕಲಿಸಿದವಳೇ ಅಮ್ಮ. ಈ ಕೂಗು ಮೊದಲು ಅವಳಪ್ಪನದಾಗಿತ್ತು, ಆಮೇಲೆ ಅವಳದಾಗಿತ್ತು. ಅದು ನನಗೆ ಈಗ ನೆನಪಾಗುತ್ತಿತ್ತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಹೆಣ ಸಾಗಿಸಲೆಂದು ಗೊತ್ತಿದ್ದೇ ಊದಿದೆಯಾ ಅಮ್ಮ, ಇಲ್ಲಾ ಕದ್ದ ಮರಳಿನ ಟಿಪ್ಪರ್ ಹಾದುಹೋಗಲೆಂದು ನಂಬಿಸಿ ಊದಿಸಿದರಾ? ಅಷ್ಟು ದೂರಕ್ಕೆ ಕೇಳಿಸುವ ಪ್ರಶ್ನೆಯಲ್ಲ ಅದು. ಎರಡಕ್ಕೆ ಇಪ್ಪತ್ತೈದು ನಿಮಿಷವಿತ್ತು. ಅವಳನ್ನು ಗಿಟ್ಟೆನ್ಸ್ ಮುಂದೆ ನಿಲ್ಲಿಸಿದರೆ ರಾನ್ಸ್‌ಫರ್ಡ್ ಮನೆಗೆ ಹೋಗುತ್ತಾನೆ.

ಅಮ್ಮ ತಲೆಯಾಡಿಸಿದಳು, ಅರ್ಥವಾಯಿತು ಎನ್ನುವ ಹಾಗೆ. ಜಗಲಿ ಇಳಿದು, ತೆಂಗಿನಕಾಯಿ ಕೊಚ್ಚುವ ಮೋಟುಮರಕ್ಕೆ ಚುಚ್ಚಿದ್ದ ಮಚ್ಚನ್ನು ಎರಡು ಕೈಯಲ್ಲೂ ಹಿಡಿದು ಕಿತ್ತಳು. ಖಾಲಿ ರಸ್ತೆಗೆ ಬಂದು ನಿಂತಳು.

ಎಡಕ್ಕೆ ಹೋದರೆ ಠಾಣೆ. ಅಮ್ಮ ಬಲಕ್ಕೆ ತಿರುಗಿ, ಕರಿಕೊಲ್ಲಿಯ ದಾರಿ ಹಿಡಿದಳು.